ಸರಾಸೆನ್ಸ್‌ಗೆ ಕಪ್ ಉಳಿಯಿತು, ಲೀಗ್ ಹೋಯಿತು

ಇಂಗ್ಲೆಂಡಿನ ಅತಿ ಮೇಲಿನ ರಗ್ಬಿ ಲೀಗ್ ಆದ ಪ್ರೀಮಿಯರ್‌ಶಿಪ್‌ನ 2019–20ರ ಸೀಸನ್ ಬಗ್ಗೆ, ಅದರಲ್ಲೂ ಸಂಬಳದ ಮಿತಿ ದಾಟಿ ಶಿಕ್ಷೆ ಉಂಡ ಲಂಡನ್ನಿನ ಸರಾಸೆನ್ಸ್ ಕ್ಲಬ್ ಬಗ್ಗೆ, ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಅದಕ್ಕೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಬೋನಸ್ ಪಾಯಿಂಟ್ ಹೇಗೆ ಸಿಗುತ್ತದೆ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ. ಗೊತ್ತಿಲ್ಲದವರು ಎರಡು ಮ್ಯಾಚ್ ನೋಡಿ ಬನ್ನಿ.

ಪ್ರಶ್ನೆ: ಸರಾಸೆನ್ಸ್ ಮಾಲೀಕರು ಆಟಗಾರರ ಜೊತೆ ಸೇರಿ ಆಸ್ತಿ ಕೊಂಡರೆ ಅದು ಸಂಬಳ ಹೇಗಾಗುತ್ತದೆ? ಒಂದೇ ತಪ್ಪಿಗೆ ಎರಡು ಸಲ ಪಾಯಿಂಟ್ ಕಿತ್ತಿದ್ದು ಹೊಟ್ಟೆಕಿಚ್ಚಿಗೆ ತಾನೇ?

ಈ ‘ಹೊಟ್ಟೆಕಿಚ್ಚು’ ಕೇಳಿ ಕೇಳಿ ಸಾಕಾಗಿದೆ. ಉಳಿದ ಕ್ಲಬ್‌ಗಳಿಗೆ ಸಿಟ್ಟಿತ್ತು, ಸುಳ್ಳಲ್ಲ. ಆದರೆ ಶಿಕ್ಷೆ ಕೊಟ್ಟಿದ್ದು ಆ ಸಿಟ್ಟಲ್ಲ, ಲೆಕ್ಕ.

ಆಗ ಒಂದು ಕ್ಲಬ್ ವರ್ಷಕ್ಕೆ ಸಂಬಳಕ್ಕೆಂದು ಖರ್ಚು ಮಾಡಬಹುದಾಗಿದ್ದ ಮೂಲ ಮಿತಿ 70 ಲಕ್ಷ ಪೌಂಡ್. ಇಬ್ಬರು ಸ್ಟಾರ್ ಆಟಗಾರರ ಸಂಬಳ ಈ ಲೆಕ್ಕದಿಂದ ಹೊರಗೆ. ನಿಮ್ಮ ಸಾಹುಕಾರರು ಸಂಬಳದ ಜೊತೆ ನಿಮ್ಮ ಮನೆಯ ಇಎಂಐನಲ್ಲೂ ಪಾಲು ಕಟ್ಟಿದರೆ ಅದನ್ನು ಪ್ರೀತಿ ಅಂತೀರಾ, ಸಂಬಳ ಅಂತೀರಾ? ವಿಚಾರಣಾ ಸಮಿತಿ ಎರಡನೆಯದನ್ನು ಹೇಳಿತು. 2016–17ರಿಂದ 2018–19ರವರೆಗೆ ಮೂರೂ ಸೀಸನ್‌ಗಳಲ್ಲಿ ಮಿತಿ ದಾಟಿತ್ತು. 2019ರ ನವೆಂಬರ್‌ನಲ್ಲಿ 53.6 ಲಕ್ಷ ಪೌಂಡ್ ದಂಡ, 35 ಪಾಯಿಂಟ್ ಕಡಿತ. ಬೇಕಂತಲೇ ಮಾಡಿದ ಮೋಸ ಅಂತ ಸಮಿತಿ ಹೇಳಲಿಲ್ಲ, ಬೇಜವಾಬ್ದಾರಿ ಅಂದಿತು. ಹಾಗಾಗಿ ನಾನೂ ‘ಕಳ್ಳರು’ ಅನ್ನುವುದಿಲ್ಲ. ನೀವೂ ಅನ್ನಬೇಡಿ.

ಎರಡನೇ ಕಡಿತ ಹಳೆಯ ತಪ್ಪಿಗಲ್ಲ! ಇದನ್ನು ಎಷ್ಟು ಸಲ ಹೇಳಲಿ? ನಡೆಯುತ್ತಿದ್ದ 2019–20ರ ಸೀಸನ್‌ನಲ್ಲೂ ಖರ್ಚು ಮಿತಿಯೊಳಗೆ ತರಲು ಕ್ಲಬ್‌ಗೆ ಆಗಲಿಲ್ಲ. ಸೀಸನ್ ಮಧ್ಯದಲ್ಲಿ ಯಾರನ್ನು ಮನೆಗೆ ಕಳಿಸುವುದು? 2020ರ ಜನವರಿಯಲ್ಲಿ ಕೆಳಗಿನ ಡಿವಿಷನ್‌ಗೆ ಹೋಗುವುದಕ್ಕೆ ಒಪ್ಪಿಕೊಂಡರು. ಎಷ್ಟೇ ಗೆದ್ದರೂ ಕೊನೆಯ ಸ್ಥಾನದಲ್ಲೇ ಇರಲಿ ಅಂತ ಇನ್ನೂ 70 ಪಾಯಿಂಟ್ ಕಿತ್ತರು. ಒಟ್ಟು 105. ತಮಾಷೆ ನೋಡಿ, ಇದೇ ತಂಡ ಆ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ಗೆ ಹೋಗಿ ಯುರೋಪಿನ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡಿನ ಲೆನ್‌ಸ್ಟರ್ ತಂಡವನ್ನು 25–17ಕ್ಕೆ ಹೊಡೆದು ಬಂತು.

ಮಿತಿ ದಾಟಿದ ವರ್ಷಗಳಲ್ಲಿ ಗೆದ್ದ 2018, 2019ರ ಕಪ್ ಮಾತ್ರ ಅವರ ಹತ್ತಿರವೇ ಉಳಿಯಿತು. ಕಪ್ ವಾಪಸ್ ತೆಗೆದುಕೊಳ್ಳುವ ಅಧಿಕಾರ ಆಗಿನ ನಿಯಮದಲ್ಲಿ ಇರಲಿಲ್ಲ. ಸಂಬಳ ಮಿತಿಯ ನಿಯಮಗಳನ್ನು ಪರಿಶೀಲಿಸಿ 2020ರಲ್ಲಿ ಬಂದ ಲಾರ್ಡ್ ಮೈನರ್ಸ್ ವರದಿ ಆ ಅಧಿಕಾರ ಬೇಕು ಅಂತ ಶಿಫಾರಸು ಮಾಡಿತು. ನನಗೆ ಸಿಟ್ಟು ಬರುವುದು ಇಲ್ಲಿ. ಪಾಯಿಂಟ್ ಕಿತ್ತುಕೊಳ್ಳುವುದಕ್ಕೆ ಇದ್ದ ನಿಯಮ ಕಪ್‌ಗೂ ಮೊದಲೇ ಇರಬೇಕಿತ್ತು, ಅಲ್ವಾ?

ಪ್ರಶ್ನೆ: ಫೈನಲ್ ಅಕ್ಟೋಬರ್‌ನಲ್ಲಿ ಅಂತ ಬರೆದಿದ್ದೀರಿ. ಪ್ರಿಂಟ್ ತಪ್ಪಾ?

ಅಲ್ಲ, ಕೊರೋನಾದಿಂದ ಸೀಸನ್ ತಡವಾಯಿತು. 2020ರ ಅಕ್ಟೋಬರ್ 24, ಖಾಲಿ ಟ್ವಿಕನ್‌ಹ್ಯಾಮ್, ಎಕ್ಸೆಟರ್ 19, ವಾಸ್ಪ್ಸ್ 13.

ಪ್ರಶ್ನೆ: ಸೇಲ್ ವಿರುದ್ಧ ವೂಸ್ಟರ್ 20–0 ಗೆದ್ದ ಮ್ಯಾಚಿನ ವಿಡಿಯೋ ಎಲ್ಲಿದೆ?

ಎಲ್ಲೂ ಇಲ್ಲ, ಆ ಮ್ಯಾಚ್ ನಡೆದೇ ಇಲ್ಲ. ಸೇಲ್ ತಂಡದಲ್ಲಿ ಸೋಂಕು ಹಬ್ಬಿತ್ತು. ಆಡಲಾಗದೆ ಸುಮ್ನೆ ಸ್ಕೋರ್ ಬರೆದು ಮುಗಿಸಿದರು. ಹಾಗಾಗಿ ಸೇಲ್‌ಗೆ ಮೇಲೇರುವ ದಾರಿ ಮುಚ್ಚಿತು, ಸರಾಸೆನ್ಸ್ ಜೊತೆ 17–17 ಡ್ರಾ ಮಾಡಿಕೊಂಡು ಕೂತಿದ್ದ ಬಾತ್‌ಗೆ ಪ್ಲೇಆಫ್ (ಮೊದಲ ನಾಲ್ಕು ತಂಡಗಳ ಕೊನೆಯ ಸುತ್ತು) ಸಿಕ್ಕಿತು.

ಪ್ರಶ್ನೆ: ತಲೆಗೆ ಮೆತ್ತನೆ ಟೋಪಿ ಹಾಕಿದರೆ ಕನ್‌ಕಷನ್ (ಏಟಿನಿಂದ ಮಿದುಳಿಗೆ ಆಗುವ ಪೆಟ್ಟು) ಆಗುವುದಿಲ್ಲ ಅಂತ ಒಬ್ಬ ಫಿಟ್‌ನೆಸ್ ಗುರು ಹೇಳಿದ. ಮಗನಿಗೆ ಕೊಡಿಸಲಾ?

ಕಿವಿ ಉಜ್ಜಿ ಊದುವುದು, ನೆತ್ತಿ ಸೀಳುವುದು ಕಮ್ಮಿ ಆಗಬಹುದು. ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ಅದು ತಡೆಯುವುದಿಲ್ಲ. ಟೋಪಿ ಇದೆ ಅಂತ ಹುಡುಗರು ಜಾಸ್ತಿ ಧೈರ್ಯ ಮಾಡಿ ತಲೆ ಕೊಡುತ್ತಾರೆ, ನನ್ನ ಭಯ ಅದು. ಏಟು ಬಿದ್ದ ಅನುಮಾನ ಬಂದರೂ ಸಾಕು, ಅವತ್ತಿನ ಆಟ ಮುಗಿಯಿತು ಅಂತ ಹೊರಗೆ ಕರೆತಂದು ಡಾಕ್ಟರಿಗೆ ತೋರಿಸಿ. ಗುರುವನ್ನು ಕೇಳಬೇಡಿ.

ಪ್ರಶ್ನೆ: ಮುಂದಿನ ವಾರ ಯಾರು ಗೆಲ್ಲುತ್ತಾರೆ? ಟೆಲಿಗ್ರಾಮ್‌ನಲ್ಲಿ ‘ಪಕ್ಕಾ ಟಿಪ್’ ಅಂತಾರೆ.

ಪಕ್ಕಾ ಗೊತ್ತಿದ್ದವನು ನಿಮಗ್ಯಾಕೆ ಹೇಳುತ್ತಾನೆ?