ಎಂಟು ವರ್ಷ ಅಂದರೆ ಎಷ್ಟು?

(ಗೋದಾಮಿನ ದಾಸ್ತಾನು ಲೆಕ್ಕಕ್ಕೆ ಒಬ್ಬರು ಬೇಕಾಗಿದ್ದಾರೆ. ಕೊನೆಗೆ ಉಳಿದವರು ಇಬ್ಬರು: ವಾಣಿಜ್ಯ ಪದವಿ ಇದ್ದು ಅನುಭವ ಇಲ್ಲದವರು, ಪದವಿ ಇಲ್ಲದೆ ಎಂಟು ವರ್ಷ ಗೋದಾಮಿನಲ್ಲಿ ದುಡಿದವರು. ಯಾವುದಕ್ಕೆ ಹೆಚ್ಚು ತೂಕ ಕೊಡಲಿ ಎಂಬುದು ಓದುಗರೊಬ್ಬರ ಪ್ರಶ್ನೆ.)

ಸಂಪಾದಕರ ಉತ್ತರ:

ಎರಡಕ್ಕೂ ನೀವು ಅಂದುಕೊಂಡಷ್ಟು ತೂಕವಿಲ್ಲ. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ, ನೇಮಕಾತಿ ಬಗ್ಗೆ 85 ವರ್ಷ ನಡೆದ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದಕ್ಕೂ ಓದಿದ ವರ್ಷಗಳಿಗೂ ಇದ್ದ ನಂಟು 0.10, ದುಡಿದ ವರ್ಷಗಳಿಗೆ 0.18. ನಂಟು ಪೂರ್ತಿ ಇದ್ದಿದ್ದರೆ 1 ಬರಬೇಕಿತ್ತು. ಅದೇ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡಿದಾಗ 0.54. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಲೆಕ್ಕ ತಿದ್ದಿದ ಮೇಲೆ ಈ 0.54, 0.33ಕ್ಕೆ ಇಳಿಯಿತು, ಅನುಭವ 0.07ಕ್ಕೆ. ಆದರೂ ಅನುಭವಕ್ಕಿಂತ ಮಾಡಿಸಿ ನೋಡುವುದೇ ಮುಂದೆ.

ಎಂಟು ವರ್ಷ ಯಾಕೆ ಇಷ್ಟು ಹಗುರ? ಕಲಿಕೆಯ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ ಮುಗಿಯುತ್ತದೆ, ಆಮೇಲೆ ಬರೀ ರೂಢಿ. ಅಲ್ಲದೆ ಆ ಎಂಟು ವರ್ಷ ಲೆಕ್ಕ ಬರೆದರೋ, ಸರಕು ಇಳಿಸಿದರೋ ಅರ್ಜಿಯಲ್ಲಿ ಕಾಣುವುದಿಲ್ಲ. ಪದವಿಯ ಕಥೆ ಬೇರೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿದಂತೆ, ಕಲಿತದ್ದು ಉಪಯೋಗಕ್ಕೆ ಬಾರದಿದ್ದರೂ ಅದು ಒಂದು ಗುರುತಾಗಿ ಕೆಲಸ ಮಾಡಬಲ್ಲದು. ನೂರಾರು ಅರ್ಜಿ ಜರಡಿ ಹಿಡಿಯುವವರಿಗೆ ಆ ಗುರುತು ಅಗ್ಗ. ನಿಮ್ಮ ಮುಂದಿರುವುದು ಇಬ್ಬರೇ, ಜರಡಿ ಯಾಕೆ? (ವೈದ್ಯರಂತೆ ಕಾನೂನೇ ಪದವಿ ಕೇಳುವ ಕೆಲಸಗಳಿಗೆ ಈ ಮಾತು ಸಲ್ಲದು.)

ಹೀಗೆ ಮಾಡಿ. ನಿಮ್ಮದೇ ಹಳೆಯ ದಾಸ್ತಾನು ಪುಸ್ತಕದಿಂದ ಇಪ್ಪತ್ತು ನಮೂದುಗಳನ್ನು ನಕಲು ಮಾಡಿ, ಮೂರು ತಪ್ಪು ಸೇರಿಸಿ: ಒಂದೇ ಬಿಲ್ ಎರಡು ಸಲ, ಬಾಕ್ಸ್ ಲೆಕ್ಕದಲ್ಲಿ ಬಂದ ಮಾಲು ಬಿಡಿ ಲೆಕ್ಕದಲ್ಲಿ, ಹಿಂದಿನ ಪುಟದ ಶಿಲ್ಕು (ಉಳಿಕೆ) ತಪ್ಪಾಗಿ ಮುಂದಕ್ಕೆ. ಜೊತೆಗೆ ಬಿಲ್‌ಗಳನ್ನೂ ಕೊಡಿ. ಇಬ್ಬರಿಗೂ ಅದೇ ಹಾಳೆ, ಅದೇ ನಲವತ್ತು ನಿಮಿಷ. ತಪ್ಪು ಹಿಡಿದದ್ದಕ್ಕೆ ಒಂದು ಅಂಕ, ಕಾರಣ ಹೇಳಿದ್ದಕ್ಕೆ ಇನ್ನೊಂದು, ಸರಿಯಾಗಿ ತಿದ್ದಿದ್ದಕ್ಕೆ ಮತ್ತೊಂದು. ಒಟ್ಟು ಒಂಬತ್ತು. ಶಿಲ್ಕಿನ ತಪ್ಪು ಕೂಡಿ ನೋಡಿದರೆ ಸಿಗುತ್ತದೆ. ಬಾಕ್ಸ್-ಬಿಡಿ ಗೊಂದಲದಲ್ಲಿ ಕೂಡಿಕೆ ಸರಿಯಾಗೇ ಇರುತ್ತದೆ. ‘ಇಷ್ಟು ಕಮ್ಮಿ ಮಾಲು ಯಾಕೆ ಬಂತು’ ಎಂದು ಅನುಮಾನ ಪಟ್ಟವರಿಗಷ್ಟೇ ಅದು ಸಿಗುವುದು.

ಇದು ಕೆಡುವುದು ಅಂಕ ಹಾಕುವಾಗ. ಅಂಕ ಹಾಕುವವರು ಇಬ್ಬರಿರಲಿ, ಬೇರೆಬೇರೆಯಾಗಿ ಬರೆದು ಮುಗಿಸುವ ತನಕ ಅವರು ಮಾತಾಡಿಕೊಳ್ಳಬಾರದು. ಮೊದಲು ಬಾಯಿಬಿಟ್ಟವರ ಕಡೆಗೆ ಇನ್ನೊಬ್ಬರ ಅಂಕ ವಾಲುತ್ತದೆ. ಹಾಳೆಯ ಮೇಲೆ ಹೆಸರು ಬೇಡ, ಅ ಮತ್ತು ಆ ಸಾಕು. ಸಂದರ್ಶನಕ್ಕೂ ಐದಾರು ಪ್ರಶ್ನೆ ಮೊದಲೇ ಬರೆದಿಟ್ಟು ಇಬ್ಬರಿಗೂ ಅದೇ ಕ್ರಮದಲ್ಲಿ ಕೇಳಿ. ಲೋಕಾಭಿರಾಮದ ಮಾತುಕತೆಯಲ್ಲಿ ಗೆಲ್ಲುವವರು ಮಾತುಗಾರರು. ಸ್ಯಾಕೆಟ್ ಅವರ ಲೆಕ್ಕದಲ್ಲಿ ಪ್ರಶ್ನೆ ಗೊತ್ತುಮಾಡಿಕೊಂಡ ಸಂದರ್ಶನಕ್ಕೆ 0.42 ಇದೆ.

ಅಂಕ ಸಮ ಬಂದರೆ, ಯಾರಿಗೆ ಏನು ಬರಲಿಲ್ಲ ಎಂದು ನೋಡಿ. ಬಾಕ್ಸಿಗೆ ಎಷ್ಟು ಬಿಡಿ ಎಂಬುದನ್ನು ವಾರದಲ್ಲಿ ಕಲಿಸಬಹುದು. ಬಿಲ್ಲನ್ನೇ ತಾಳೆ ನೋಡದೆ ಟಿಕ್ ಹಾಕುವ ಚಾಳಿ ಬಿಡಿಸುವುದು ಕಷ್ಟ. ಮುಂದಿನ ಜಾಹೀರಾತಿನಲ್ಲಿ ‘ಪದವಿ ಕಡ್ಡಾಯ’ ಎಂದು ಹಾಕದೆ, ‘ದಾಸ್ತಾನು ಲೆಕ್ಕದ ನಲವತ್ತು ನಿಮಿಷದ ಪರೀಕ್ಷೆ ಇರುತ್ತದೆ’ ಎಂದು ಹಾಕಿ.