ಡಬಲ್ಸ್ ಮಾತ್ರ ಆಡಿ ಬದುಕಬಹುದೇ? – ಒಂದು ಪ್ರತಿಕ್ರಿಯೆ

ಮಾನ್ಯರೇ, ದಾವಣಗೆರೆಯಲ್ಲಿ ಟೆನಿಸ್ ಕಲಿಯುತ್ತಿರುವ ನಿಮ್ಮ ಹದಿನಾಲ್ಕರ ಮಗಳು ಈಗಲೇ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಮೀಸಲಾಗಬಹುದೇ ಎಂದು ಕೇಳಿದ್ದೀರಿ. ಬೇಡವೆಂದೇ ನನ್ನ ಅಭಿಪ್ರಾಯ. ಡಬಲ್ಸ್‌ನಲ್ಲಿ ಹೆಸರು ಮಾಡಿದ ಅನೇಕರು ಸಿಂಗಲ್ಸ್‌ನಲ್ಲಿ ಪಳಗಿದ ನಂತರ ಅತ್ತ ಹೊರಳಿದವರು. 2007ರಲ್ಲಿ ಸಿಂಗಲ್ಸ್‌ನ 27ನೇ ಸ್ಥಾನಕ್ಕೇರಿದ್ದ ಸಾನಿಯಾ ಮಿರ್ಜಾ, ಮಣಿಕಟ್ಟು ಮತ್ತು ಮೊಣಕಾಲಿನ ಗಾಯಗಳಿಂದ ಬಳಲಿ ಸಿಂಗಲ್ಸ್ ತೊರೆದು, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನ ಅಗ್ರಸ್ಥಾನ ಪಡೆದರು; ಸ್ವಿಟ್ಜರ್ಲೆಂಡ್‌ನ ಆಟಗಾರ್ತಿ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ಸತತ 41 ಪಂದ್ಯಗಳನ್ನೂ ಗೆದ್ದರು.

ಆದಾಯದ ಅಂತರವನ್ನು ಮಾತ್ರ ಕಡೆಗಣಿಸಬೇಡಿ. 2024ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ವಿಜೇತೆಗೆ 27 ಲಕ್ಷ ಪೌಂಡ್ ಸಂದರೆ, ಡಬಲ್ಸ್ ಗೆದ್ದ ಜೋಡಿಗೆ ದೊರೆತದ್ದು 6.5 ಲಕ್ಷ, ಅದೂ ಇಬ್ಬರಲ್ಲಿ ಹಂಚಿಕೆಯಾಗಬೇಕು. ಕೆಳಹಂತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಪಂದ್ಯಾವಳಿಗಳಲ್ಲಂತೂ ಬಹುಮಾನದ ಹಣ ಪ್ರಯಾಣದ ಖರ್ಚಿಗೂ ಸಾಲದು. ಇನ್ನು ರ‍್ಯಾಂಕಿಂಗ್ ಅಂಕಗಳು ಪ್ರತಿ ಆಟಗಾರ್ತಿಗೂ ಪ್ರತ್ಯೇಕವಾಗಿದ್ದರೂ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿದಾಗ ಬರುವ ಸಂಖ್ಯೆಯ ಮೇಲೆ. ಆದ್ದರಿಂದ ತಕ್ಕ ಜೊತೆಗಾರ್ತಿಯನ್ನು ಹುಡುಕುವುದೇ (ಆಟಕ್ಕಿಂತಲೂ ಕಷ್ಟದ ಕೆಲಸವದು) ಇಲ್ಲಿ ಬಹುದೊಡ್ಡ ಸವಾಲು.

ಸದ್ಯಕ್ಕೆ ಎರಡೂ ವಿಭಾಗಗಳಲ್ಲಿ ಆಡಿಸಿ, ಸರ್ವ್, ರಿಟರ್ನ್ ಮತ್ತು ನೆಟ್ ಬಳಿಯ ವಾಲಿಗೆ (ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆಯುವುದಕ್ಕೆ) ಹೆಚ್ಚು ಸಮಯ ಕೊಡಿಸಿರಿ.