ಲೋಕಸಭೆ ಚುನಾವಣೆಯಲ್ಲಿ ಪಕ್ಷ ಸೋತರೆ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾ? 1984ರಲ್ಲಿ ಹೆಗಡೆ ಯಾಕೆ ಕೊಟ್ಟರು?

ಕೊಡಲೇಬೇಕು ಅಂತ ಸಂವಿಧಾನ ಎಲ್ಲೂ ಹೇಳುವುದಿಲ್ಲ. 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ. ಅಲ್ಲಿ ಬಹುಮತ ಇರುವ ತನಕ ಲೋಕಸಭೆ ಫಲಿತಾಂಶ ಏನಾದರೂ ಕುರ್ಚಿಗೆ ತೊಂದರೆಯಿಲ್ಲ.

ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1983ರಿಂದ ಅವರು ಬೇರೆ ಪಕ್ಷಗಳ ಬೆಂಬಲದಲ್ಲಿ ಸರ್ಕಾರ ನಡೆಸುತ್ತಿದ್ದರು. 1984ರ ಡಿಸೆಂಬರ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ರಾಜ್ಯದ 28 ಸೀಟುಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4. ಅನುಕಂಪದ ಅಲೆ ಅಂತ ಹೇಳಿ ಸುಮ್ನೆ ಇದ್ದುಬಿಡಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಜನರ ಒಪ್ಪಿಗೆ ತನಗೆ ಉಳಿದಿಲ್ಲ ಎಂದು ರಾಜೀನಾಮೆ ಕೊಟ್ಟರು, ವಿಧಾನಸಭೆಗೇ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನ ಕೊಟ್ಟರು.

ಇದರಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು ಅನ್ನುವವರಿದ್ದಾರೆ. ಇರಬಹುದು. ಆದರೆ 24 ಸೀಟು ಸೋತ ಮೂರೇ ತಿಂಗಳಿಗೆ ಮತ್ತೆ ಅದೇ ಜನರ ಮುಂದೆ ನಿಲ್ಲಲು ಧೈರ್ಯ ಬೇಕು. ನನಗೆ ಅದರ ಬಗ್ಗೆ ಈಗಲೂ ಗೌರವ ಜಾಸ್ತಿ.

1988ರ ರಾಜೀನಾಮೆಯ ಕಥೆ ಬೇರೆ. ಆಗ ಟೆಲಿಫೋನ್ ಕದ್ದಾಲಿಕೆಯ ಆರೋಪ ಅವರ ಸರ್ಕಾರದ ಮೇಲೇ ಬಂದಿತ್ತು. ಅಲ್ಲಿ ಪ್ರಶ್ನೆ ಬಹುಮತದ್ದಲ್ಲ, ಆ ಹುದ್ದೆಯಲ್ಲಿ ಇರುವ ಅರ್ಹತೆಯದ್ದು. ಸದನದಲ್ಲಿ ಪಕ್ಷಕ್ಕೆ ಬೇಕಾದಷ್ಟು ಶಾಸಕರಿದ್ದರೂ ಆಗಸ್ಟ್‌ನಲ್ಲಿ ಅವರು ಕುರ್ಚಿ ಬಿಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.